ಬೂದಿಯ ಮೇಲಿನ ಹೆಜ್ಜೆ

"ಗುರುಗಳೇ, ಸಿಟ್ಟು ಒಳಗೆ ಬರುವ ದಾರಿಗಳನ್ನೆಲ್ಲ ಮುಚ್ಚಿದ್ದೇನೆ. ಆದರೂ ಅದು ದಿನದಿಂದ ದಿನಕ್ಕೆ ಬೆಳೆಯುತ್ತಿದೆ. ಇನ್ನು ಯಾವ ದಾರಿ ಮುಚ್ಚಲಿ?"

ಹೀಗೆ ಕೇಳಿದವನು ಗುರುಪಾದನೆಂಬ ಶಿಷ್ಯ. ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಬರುವ ಮುಂಚೆ ಊರ ನಾಲ್ಕು ಜನರೆದುರು ಅವನ ಅಣ್ಣ ಅವನನ್ನು ಸುಳ್ಳುಗಾರನೆಂದಿದ್ದ. ಅಂದಿನಿಂದ ಗುರುಪಾದ ಊರಿಗೆ ಹೋಗುವುದನ್ನು ಬಿಟ್ಟ. ಅಣ್ಣನ ಹೆಸರೆತ್ತುವುದನ್ನು ಬಿಟ್ಟ. ಊರ ಕಡೆಯವರು ಯಾರಾದರೂ ಮಠಕ್ಕೆ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಅಣ್ಣನೇ ಎರಡು ಸಲ ನೋಡಲು ಬಂದಿದ್ದ. ಎರಡು ಸಲವೂ ಗುರುಪಾದ ತನಗೆ ಮೌನವ್ರತವೆಂದು ಹೇಳಿಸಿ ಕಳಿಸಿದ್ದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಉತ್ತರ ಹೇಳಲಿಲ್ಲ, ಒಬ್ಬ ಕಂಬಳಿ ನೇಯುವವನ ಸಂಗತಿ ಹೇಳಿದರು.

ಆ ನೇಕಾರನ ಹೆಸರು ಕರಿಸಿದ್ದಪ್ಪ. ಕೈ ಚುರುಕು, ನಿಯತ್ತು ಗಟ್ಟಿ, ಹಟ ಮಾತ್ರ ಒಂದು ಹಿಡಿ ಹೆಚ್ಚು. ಹೆಂಡತಿ ಮೈಲವ್ವ ಉಣ್ಣೆ ಹಿಂಜಿ ನೂಲು ತೆಗೆಯುತ್ತಿದ್ದಳು. ಅವನು ಹತ್ತು ಮಾತಾಡುವ ಕಡೆ ಅವಳು ಒಂದಾಡುತ್ತಿದ್ದಳು. ಅವನು ಆ ಒಂದನ್ನು ಬಿಟ್ಟು ತನ್ನ ಹತ್ತನ್ನೇ ಕೇಳಿಸಿಕೊಳ್ಳುತ್ತಿದ್ದ. ಹಾಗಿದ್ದರೂ ಅವರ ಸಂಸಾರ ಸುಖವಾಗಿಯೇ ಇತ್ತು.

ಒಂದು ಬೇಸಿಗೆಯಲ್ಲಿ ಅವನ ತಂಗಿಯ ಮಗಳಿಗೆ ಮದುವೆ ಗೊತ್ತಾಯಿತು. ತಂಗಿಯ ಗಂಡ ತೀರಿಕೊಂಡಿದ್ದ. ಅವರ ಮನೆತನದಲ್ಲಿ ಹೆಣ್ಣುಗಂಡು ಕೂರುವ ಕರಿಕಂಬಳಿಯನ್ನು ಸೋದರಮಾವನೇ ನೇಯ್ದು ಹಾಸಬೇಕು. ಕೊಂಡು ತಂದದ್ದು ನಡೆಯುವುದಿಲ್ಲ. ತಂಗಿ ಅಣ್ಣನನ್ನು ಬೇರೇನೂ ಕೇಳಲಿಲ್ಲ, ಇದೊಂದನ್ನು ಕೇಳಿದಳು. ಕರಿಸಿದ್ದಪ್ಪ ಮರಿಕುರಿಗಳ ಮೊದಲ ಉಣ್ಣೆಯನ್ನು ಇದಕ್ಕೆಂದೇ ಎತ್ತಿಟ್ಟಿದ್ದ. ಮದುವೆಗೆ ಹದಿನೈದು ದಿನವಿದ್ದಾಗ ಮಗ್ಗಕ್ಕೆ ನೂಲೇರಿಸಿದ. ನೂಲು ಗಟ್ಟಿಯಾಗಲೆಂದು ಹುಣಸೆಬೀಜ ಅರೆದು ಕಾಯಿಸಿದ ಗಂಜಿಯನ್ನು ಸವರಿ ಒಣಗಿಸಿದ.

ಎರಡನೆಯ ದಿನ ಬುಟ್ಟಿಯಲ್ಲಿದ್ದ ಉಣ್ಣೆ ಒಂದು ಹಿಡಿ ಕಡಿಮೆಯಾಗಿತ್ತು. ಮಾರನೆಯ ದಿನ ಇನ್ನೊಂದು ಹಿಡಿ. ಗಂಡ ಹೆಂಡತಿ ಹೊರಗೆ ಹೋಗಿ ಬರುವಷ್ಟರಲ್ಲಿ ಏನೋ ಬಂದು ಕದ್ದೊಯ್ಯುತ್ತಿತ್ತು. ಆಗಾಗ ಅಟ್ಟದ ಮೇಲೆ ಪರಪರ ಸದ್ದಾಗಿ ನಿಂತುಹೋಗುತ್ತಿತ್ತು.

ಕರಿಸಿದ್ದಪ್ಪ ಇದು ಇಲಿಯೇ ಎಂದ. ಪಕ್ಕದ ಮನೆಯ ಮುದುಕ, ಇಲಿಗೆ ಇಷ್ಟು ಉಣ್ಣೆ ಏಕೆ, ಇದು ಹೆಗ್ಗಣ ಎಂದ. ಎಣ್ಣೆ ಮಾರುವವಳು ತನ್ನ ತವರಿನಲ್ಲಿ ಹೀಗೇ ಆಗಿದ್ದನ್ನು ನೆನೆದು ಪುನುಗುಬೆಕ್ಕು ಎಂದಳು. ಕುರಿ ಕಾಯುವವನೊಬ್ಬ ಜಗಲಿಯ ಮೇಲೆ ಕೂತು ಎರಡು ಲೋಟ ಮಜ್ಜಿಗೆ ಕುಡಿದು, ಇದಕ್ಕೆ ಹೆಸರಿಲ್ಲ, ಹೆಸರು ಹೇಳಿದರೆ ಒಳ್ಳೆಯದೂ ಆಗುವುದಿಲ್ಲ ಎಂದು ಹೇಳಿ ಹೋದ. ಅದನ್ನು ನೋಡಿದವರು ಯಾರೂ ಇರಲಿಲ್ಲ. ಅದು ಏನೆಂದು ಹೇಳದವರೂ ಯಾರೂ ಇರಲಿಲ್ಲ.

ಒಮ್ಮೆ ಅಟ್ಟ ಹತ್ತಿ ನೋಡಬಾರದೇ ಎಂದು ಮೈಲವ್ವ ಕೇಳಿದಳು. ಅಟ್ಟ ಕಟ್ಟಿದವನೇ ನಾನು, ಅಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲವೇ ಎಂದು ಅವನು ಕೇಳಿದ. ಬಂದದ್ದು ಏನಾದರೂ ಆಗಿರಲಿ, ಬರುವ ದಾರಿ ಮುಚ್ಚಿದರೆ ಮುಗಿಯಿತು. ಇದು ಅವನ ಲೆಕ್ಕಾಚಾರ.

ಅವನು ಕೈಹಾಕಿದ ಕೆಲಸ ಅರ್ಧಕ್ಕೆ ಬಿಡುವವನಲ್ಲ. ಜೇಡಿಮಣ್ಣಿಗೆ ಸಗಣಿ ಸೇರಿಸಿ ತುಳಿದ. ಅದಕ್ಕೆ ಒಡೆದ ಬಳೆಯ ಚೂರು ಬೆರೆಸಿದ. ಗೋಡೆಯ ಬುಡದ ಬಿಲಗಳನ್ನು ತುಂಬಿದ. ಗೋಡೆಗೂ ಸೂರಿಗೂ ನಡುವಿನ ಸಂದಿ ತುಂಬಿದ. ಬಚ್ಚಲ ತೂಬಿಗೆ ಕಲ್ಲಿಟ್ಟ. ಕೊನೆಗೆ ಮಾಡು ಹತ್ತಿ ಬೆಳಕಿಂಡಿಯನ್ನೂ ಹಲಗೆ ಬಡಿದು ಮುಚ್ಚಿದ. ಒಂದು ಹುಲ್ಲುಕಡ್ಡಿ ತೂರುವಷ್ಟು ಜಾಗವೂ ಉಳಿಯಲಿಲ್ಲ. ಊರವರು ಬಂದು ಕೆಲಸ ನೋಡಿ ತಲೆದೂಗಿದರು. ಕೋಟೆ ಕಟ್ಟಿದವರೂ ಇಷ್ಟು ಚೆನ್ನಾಗಿ ಮೆತ್ತಿರಲಾರರು ಎಂದು ಮುದುಕ ಹೇಳಿದಾಗ ಅವನಿಗೆ ಹೆಮ್ಮೆಯಾಯಿತು.

ಆದರೆ ಒಲೆಯ ಹೊಗೆಗೆ ಹೋಗಲು ದಾರಿ ಇಲ್ಲವಾಯಿತು. ಮೈಲವ್ವ ಮೂರು ಕಲ್ಲು ಹೂಡಿ ಅಂಗಳದಲ್ಲಿ ಮುದ್ದೆ ಬೇಯಿಸಿದಳು. ಮಗ್ಗದ ಬಳಿ ಕತ್ತಲಾಯಿತು. ಹಗಲಿನಲ್ಲೇ ದೀಪ ಹಚ್ಚಿಕೊಂಡು ನೇಯ್ದ. ಇದ್ದದ್ದು ಬಾಗಿಲೊಂದೇ. ಅದನ್ನು ತೆರೆಯುವುದಕ್ಕೂ ಅವನು ಕಟ್ಟಳೆ ಮಾಡಿದ. ಬಂದವರು ಅಡ್ಡಡ್ಡ ತೂರಿಕೊಂಡು ಒಳಗೆ ಬರಬೇಕು, ಬಂದ ಕೂಡಲೇ ಅವನು ಬಾಗಿಲು ತಳ್ಳುತ್ತಿದ್ದ. ಮದುವೆಗೆ ಕರೆಯಲು ಬಂದ ತಂಗಿಯ ಸೆರಗು ಬಾಗಿಲಿಗೆ ಸಿಕ್ಕಿಕೊಂಡಿತು. ಅವಳು ಹೊರಗೂ ಅಲ್ಲದೆ ಒಳಗೂ ಅಲ್ಲದೆ ನಿಂತು ಕುಂಕುಮ ಕೊಟ್ಟು ಹೋದಳು.

ಕಳ್ಳತನ ನಿಲ್ಲಲಿಲ್ಲ, ಜೋರಾಯಿತು. ಮೊದಲು ಬುಟ್ಟಿಯ ಉಣ್ಣೆಯಷ್ಟೇ ಹೋಗುತ್ತಿತ್ತು. ಈಗ ಗಂಜಿ ಸವರಿದ ನೂಲನ್ನೂ ಅದು ಕಡಿಯತೊಡಗಿತು. ಗಂಜಿಯ ಬೋಗುಣಿಯಲ್ಲಿ ಉಗುರಿನ ಗೀರು ಕಂಡಿತು. ಒಂದು ಮಧ್ಯಾಹ್ನ ಊಟ ಮುಗಿಸಿ ಒಳಗೆ ಬಂದರೆ, ಮಗ್ಗದ ಮೇಲಿನ ಕಂಬಳಿಯಲ್ಲಿ ಅಂಗೈಯಷ್ಟು ತೂತು.

ಕರಿಸಿದ್ದಪ್ಪ ತೂತಿನೊಳಗೆ ಕೈತೂರಿಸಿ ನೋಡಿದ. ಮದುವೆಗೆ ಏಳು ದಿನವಿತ್ತು. ತಂದೆಯಿಲ್ಲದ ಹುಡುಗಿ ತೂತುಬಿದ್ದ ಕಂಬಳಿಯ ಮೇಲೆ ಕೂತಿರುವುದು ಅವನ ಕಣ್ಣಿಗೆ ಕಟ್ಟಿತು. ಅದನ್ನು ಸಹಿಸಲಾರದೆ ಹೆಂಡತಿಯ ಮೇಲೆ ಹರಿಹಾಯ್ದ. ಬಾಗಿಲು ತೆರೆದಿಟ್ಟವಳು ನೀನೇ, ನೀರಿಗೆ ಹೋಗುವಾಗ ಹೊತ್ತು ಮಾಡುವವಳು ನೀನೇ ಎಂದ. ಇಷ್ಟು ವರ್ಷದಲ್ಲಿ ಅವಳನ್ನು ಅವನು ಹಾಗೆ ಅಂದಿರಲಿಲ್ಲ. ಮೈಲವ್ವ ಹೊರಗೆ ಹೋಗಿ ಬೇವಿನ ಮರದಡಿ ಕೂತು ಉಣ್ಣೆ ಹಿಂಜಿದಳು. ಅವನು ಒಳಗೆ ಕೂತು ಮೆತ್ತಿದ ಗೋಡೆಗೇ ಇನ್ನೊಂದು ಸಲ ಮೆತ್ತಿದ.

ಮಾರನೆಯ ದಿನ ತಂಗಿಯ ಊರಿನಲ್ಲಿ ಮದುವೆಯ ಅಕ್ಕಿ ಹಸನು ಮಾಡುವ ಶಾಸ್ತ್ರವಿತ್ತು. ಇಬ್ಬರೂ ಹೋಗಲೇಬೇಕಿತ್ತು. ಹೊರಡುವ ಮುಂಚೆ ಮೈಲವ್ವ ಒಲೆಯ ಬೂದಿಯನ್ನು ಜರಡಿ ಹಿಡಿದು ತಂದು, ಒಳಗಿನ ನೆಲದ ತುಂಬ ತೆಳ್ಳಗೆ ಉದುರಿಸಿಕೊಂಡು ಹಿಂದೆ ಹಿಂದೆ ಸರಿಯುತ್ತ ಬಾಗಿಲು ದಾಟಿದಳು. ಏಕೆಂದು ಅವನು ಕೇಳಿದ. ಯಾವ ಗೋಡೆಯಿಂದ ಬರುತ್ತದೆ ಎಂದಾದರೂ ತಿಳಿಯಲಿ ಎಂದಳು. ಇದು ಅವನಿಗೂ ಒಪ್ಪಿಗೆಯಾಯಿತು.

ಹೊತ್ತು ನೆತ್ತಿಗೆ ಬಂದಾಗ ಮರಳಿದರು. ಬಾಗಿಲು ತೆರೆದರು. ಬೆಳಕು ಬೂದಿಯ ಮೇಲೆ ಬಿತ್ತು. ಕರಿಸಿದ್ದಪ್ಪ ಮೊದಲು ಗೋಡೆಯ ಬುಡ ನೋಡಿದ. ಅಲ್ಲಿ ಬೂದಿ ಉದುರಿಸಿದ್ದು ಉದುರಿಸಿದಂತೆಯೇ ಇತ್ತು. ನಾಲ್ಕು ಗೋಡೆಯ ಕಡೆಯಿಂದಲೂ ಒಂದು ಹೆಜ್ಜೆಯೂ ಬಂದಿರಲಿಲ್ಲ. ಅವನ ಕೆಲಸ ಅಷ್ಟು ಗಟ್ಟಿ.

ಹೆಜ್ಜೆಗಳು ಇದ್ದದ್ದು ಬೇರೆ ಕಡೆ. ಅಟ್ಟದ ಕಂಬದ ಬುಡದಿಂದ ಹೊರಟು, ನೆಟ್ಟಗೆ ಬಾಗಿಲಿಗೆ ಬಂದಿದ್ದವು. ಸಣ್ಣ ಹೆಜ್ಜೆ, ಕಡ್ಡಿಯಂಥ ಬೆರಳು. ಹೊಸ್ತಿಲ ಮುಂದೆ ಬೂದಿಯೆಲ್ಲ ಕಲಸಿಹೋಗಿತ್ತು. ಬಾಗಿಲ ಹಲಗೆಯ ಕೆಳಗೆ ಹೊಸದಾಗಿ ಕೆರೆದ ಗುರುತಿತ್ತು. ಅಲ್ಲಿಂದ ಹೆಜ್ಜೆಗಳು ಮತ್ತೆ ಕಂಬಕ್ಕೆ ಮರಳಿದ್ದವು. ಕಂಬದಿಂದ ಬಾಗಿಲಿಗೆ, ಬಾಗಿಲಿನಿಂದ ಕಂಬಕ್ಕೆ, ಎಷ್ಟು ಸಲವೋ.

ಕರಿಸಿದ್ದಪ್ಪ ಮೊಣಕಾಲೂರಿ ಕೂತು ನೋಡಿದ. ಮೈಲವ್ವ ಅವನ ಹಿಂದೆ ನಿಂತು ಮೆಲ್ಲಗೆ ಹೇಳಿದಳು:

"ಇದು ಬಂದದ್ದರ ಹೆಜ್ಜೆಯಲ್ಲ ಕಣ್ರೀ. ಹೋಗಲು ದಾರಿಯಿಲ್ಲದೆ ತಿರುಗಿದ್ದರ ಹೆಜ್ಜೆ."

ಅವನು ಎದ್ದು ಏಣಿ ತಂದು ಅಟ್ಟ ಹತ್ತಿದ. ಮೂಲೆಯಲ್ಲಿ ಹಳೆಯ ಮೊರವೊಂದು ಬೋರಲಾಗಿ ಬಿದ್ದಿತ್ತು. ಅದನ್ನು ಎತ್ತಿದರೆ ಅವನದೇ ಕರಿ ಉಣ್ಣೆಯ ಗೂಡು. ಗೂಡಿನಲ್ಲಿ ಇನ್ನೂ ಕಣ್ಣು ಬಿಡದ ಮೂರು ಅಳಿಲ ಮರಿಗಳು. ತಾಯಿ ಅಳಿಲು ತೊಲೆಯ ಮೇಲಿತ್ತು. ಓಡಲಿಲ್ಲ. ಬಾಲ ಕುಣಿಸುತ್ತ ಅವನ ಮುಖಕ್ಕೇ ಚಿರ್ರ್ ಚಿರ್ರ್ ಎಂದು ಬೈಯಿತು. ಬೆಳಕಿಂಡಿಯಿಂದ ಬಂದು ಬಾಣಂತನಕ್ಕೆ ಕೂತಿತ್ತು. ಬೆಳಕಿಂಡಿ ಮುಚ್ಚಿದ ದಿನ ಒಳಗೇ ಉಳಿಯಿತು. ಹಣ್ಣಿಲ್ಲ, ಕಾಳಿಲ್ಲ. ಹೊಟ್ಟೆ ಹಸಿದಾಗ ಹುಣಸೆಬೀಜದ ಗಂಜಿ ನೆಕ್ಕಿತು. ಗಂಜಿಯಿದ್ದ ನೂಲು ಕಡಿಯಿತು. ಮರಿಗೆ ಹಾಲೂಡಬೇಕಲ್ಲ.

ಕರಿಸಿದ್ದಪ್ಪ ಮೊರವನ್ನು ಮೆಲ್ಲಗೆ ಮೊದಲಿದ್ದಂತೆ ಇಟ್ಟ. ಏಣಿ ಇಳಿದು ಬಂದು ಹೆಂಡತಿಯ ಮುಖ ನೋಡಿದ. ಹೇಳಬೇಕಾದದ್ದು ಬಹಳವಿತ್ತು. ಬಂದದ್ದು ಒಂದೇ ಮಾತು.

"ನಿನಗೆ ಅಂದದ್ದು ನನ್ನ ಬಾಯಿಯ ತಪ್ಪು ಮೈಲಿ."

ಮೈಲವ್ವ ಅವನ ಕೂದಲಿಗಂಟಿದ ಜೇಡರಬಲೆ ತೆಗೆದುಹಾಕಿದಳು. ಮಾತು ಅಲ್ಲಿಗೆ ಮುಗಿಯಿತು.

ಅವನು ಹಾರೆ ಹಿಡಿದು ಮಾಡು ಹತ್ತಿದ. ತಾನೇ ಬಡಿದ ಹಲಗೆಯನ್ನು ತಾನೇ ಕಿತ್ತ. ಅಷ್ಟು ಗಟ್ಟಿಯಾಗಿ ಬಡಿದವನನ್ನು ನಡುನಡುವೆ ತಾನೇ ಬೈದುಕೊಂಡ. ಸದ್ದಿಗೆ ಪಕ್ಕದ ಮನೆಯ ಮುದುಕ ಹೊರಗೆ ಬಂದ. ಅವನನ್ನೂ ಬೇವಿನ ಮರದಿಂದಾಚೆ ಕೂರಿಸಿ, ಸುಮ್ಮನಿರಬೇಕೆಂದು ಹೇಳಿ, ಗಂಡ ಹೆಂಡತಿ ಅಂಗಳದ ಅಂಚಿನಲ್ಲಿ ಕೂತು ಕಾದರು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬೆಳಕಿಂಡಿಯಲ್ಲಿ ಒಂದು ಮೂತಿ ಕಂಡಿತು. ಆ ಕಡೆ ನೋಡಿತು, ಈ ಕಡೆ ನೋಡಿತು, ಒಳಗೆ ಹೋಯಿತು. ಮತ್ತೆ ಬಂದಾಗ ಬಾಯಲ್ಲಿ ಒಂದು ಮರಿಯಿತ್ತು. ಸೂರಿನಿಂದ ಬೇವಿನ ಕೊಂಬೆಗೆ ನೆಗೆದು, ಪೊಟರೆಯಲ್ಲಿ ಅದನ್ನಿಟ್ಟು ಬಂತು. ಎರಡನೆಯದನ್ನು ಒಯ್ದಿತು. ಮೂರನೆಯದು ಕೊಸರಾಡಿತು. ಅದನ್ನು ಸೂರಿನ ಮೇಲೆ ಇಟ್ಟು, ಮತ್ತೆ ಸರಿಯಾಗಿ ಕಚ್ಚಿಕೊಂಡು ಒಯ್ದಿತು.

ಮುಗಿಯಿತೆಂದು ಕರಿಸಿದ್ದಪ್ಪ ಏಳಲು ಹೋದ. ಮೈಲವ್ವ ಅವನ ಪಂಚೆಯ ಚುಂಗು ಹಿಡಿದು ಕೂರಿಸಿದಳು. ಅಳಿಲು ನಾಲ್ಕನೆಯ ಸಲ ಒಳಗೆ ಹೋಯಿತು. ಬಂದಾಗ ಬಾಯಿ ತುಂಬ ಮರಿಕುರಿಯ ಕರಿ ಉಣ್ಣೆ. ಮೀಸೆ ಬಂದಂತೆ ಎರಡೂ ಕಡೆ ಇಳಿಬಿದ್ದಿತ್ತು. ಮುದುಕ ಸುಮ್ಮನಿರಲಾರದೆ ನಕ್ಕ. ಹೆಗ್ಗಣವೆಂದು ಹೇಳಿದವನು ತಾನೇ ಎಂಬುದು ಅವನಿಗೆ ಮರೆತಿತ್ತು. ಮೈಲವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕರಿಸಿದ್ದಪ್ಪನೂ ನಕ್ಕ. ಆ ಉಣ್ಣೆಯನ್ನು ತಾನೇ ಕೊಟ್ಟು ಕಳಿಸಿದವನಂತೆ ನೋಡುತ್ತ ಕೂತ.

ಅವತ್ತೇ ಅವನು ಬಿದಿರು ಸೀಳಿ ಜಾಲರಿ ಹೆಣೆದು ಬೆಳಕಿಂಡಿಗೆ ಕೂರಿಸಿದ. ಬೆಳಕು ಬರುತ್ತಿತ್ತು, ಹೊಗೆ ಹೋಗುತ್ತಿತ್ತು, ಅಳಿಲು ಬರುತ್ತಿರಲಿಲ್ಲ. ಮತ್ತೆ ಉಣ್ಣೆ ಕಳುವಾಗಲಿಲ್ಲ. ತೂತುಬಿದ್ದಷ್ಟು ಭಾಗವನ್ನು ಕತ್ತರಿಸಿ ತೆಗೆದು, ಉಳಿದ ನೂಲನ್ನು ಮತ್ತೆ ಬಿಗಿದು ನೇಯ್ದ. ಮಗ್ಗದ ಕೆಲಸ ನಿಲ್ಲದಿರಲೆಂದು ಆರು ದಿನ ಗಂಡ ಹೆಂಡತಿ ಸರದಿಯ ಮೇಲೆ ಉಂಡರು. ಮದುವೆಯ ಮುಂಜಾನೆ ಕಂಬಳಿ ಸಿದ್ಧವಾಯಿತು. ಆದರೆ ಅಳತೆಗೆ ಒಂದೂವರೆ ಗೇಣು ಕಡಿಮೆ.

ಅವನು ಅಂಚುಗಳನ್ನು ಎಳೆದೆಳೆದು ಹಾಸಿದ. ತಂಗಿ ಕಂಬಳಿಯ ಅಂಚು ಸವರಿ ನೋಡಿ, ಬಹಳ ಮೆತ್ತಗಿದೆ ಅಣ್ಣ ಎಂದಳು. ಹೆಣ್ಣುಗಂಡು ಸ್ವಲ್ಪ ಒತ್ತಿಕೊಂಡು ಕೂರಬೇಕಾಯಿತು. ಅವರಿಬ್ಬರಲ್ಲಿ ಯಾರೂ ಜಾಗ ಸಾಲದೆಂದು ದೂರಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಕಂಬಳಿಯ ಮಾತಿಗೆ ಗುರುಪಾದನೂ ನಕ್ಕಿದ್ದ. ನಗು ಅರ್ಧಕ್ಕೆ ನಿಂತಿತು. ಅವನು ಕೇಳಿದ:

"ಹಾಗಾದರೆ ನನ್ನ ಅಣ್ಣನನ್ನು ನಾನು ಒಳಗೆ ಬಿಟ್ಟುಕೊಳ್ಳಬೇಕೆ?"

ಗುರುಗಳು ಎದ್ದು ನಿಂತು ಒಂದೇ ಮಾತು ಹೇಳಿದರು.

"ನಿನ್ನ ಅಣ್ಣ ಮೊದಲಿನಿಂದಲೂ ಹೊರಗೇ ಇದ್ದಾನಪ್ಪ, ದಾರಿ ಸಿಗದೆ ಒಳಗೆ ತಿರುಗುತ್ತಿರುವುದು ಯಾವುದು, ನೋಡು."