ಎಂಜಲು ನೆಲ

"ಇನ್ನೊಬ್ಬರು ಬಾಳಿ ಬಿಟ್ಟ ನೆಲ ಎಂಜಲು! ಎಂಜಲಿನ ಮೇಲೆ ಈ ಕೆಂಚಭೂಪ ಅರಮನೆ ಕಟ್ಟಿಸುವವನಲ್ಲ," ಎಂದು ಸಿರಿಗೋಟೆಯ ದೊರೆ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಪೇಟೆಯ ನಟ್ಟನಡುವೆ ಅವನ ತಾತನ ಕಾಲದ ಆನೆಲಾಯ ಪಾಳುಬಿದ್ದಿತ್ತು. ಆನೆಗಳು ಹೋಗಿ ಯಾವ ಕಾಲವಾಯಿತೋ, ಈಗ ಅಲ್ಲಿ ಎಕ್ಕದ ಗಿಡಗಳದೇ ದರ್ಬಾರು. ಹೊಸ ಅರಮನೆಗೆ ಆ ಜಾಗವೇ ಸಾಕೆಂದು ಮಂತ್ರಿಗಳು ಸೂಚಿಸಿದ್ದರು. ದೊರೆಯ ಕಣ್ಣು ಬಿದ್ದದ್ದು ಮಾತ್ರ ಕೋಟೆಯಾಚೆ, ಕೆರೆಯಂಚಿನ ಸೊಪ್ಪಿನ ತೋಟಗಳ ಮೇಲೆ.

"ನಾಳೆಯೇ ಅಲ್ಲಿ ಬುನಾದಿ. ತೋಟದವರು ಬೇರೆ ಕಡೆ ಹೋಗಲಿ."

ತೋಟದ ತಿಪ್ಪಕ್ಕ ಓಡಿಬಂದು ಕೈಮುಗಿದಳು. "ಬೇರೆ ಕಡೆ ಅಂದ್ರೆ ಎಲ್ಲಿ ಬುದ್ದೀ? ನಮ್ಮ ಅನ್ನ ಇರೋದೇ ಆ ಮಣ್ಣಲ್ಲಿ."

ದೊರೆ ಧಾರಾಳಿ. "ಎಲ್ಲಾದರೂ," ಎಂದ.

ಆಸ್ಥಾನದ ಮಾತುಗಾತಿ ನಾಗಲಾಂಬೆಗೆ ಇದು ಸರಿಬರಲಿಲ್ಲ. ಆದರೆ ಎದುರಾಡಿದರೆ ದೊರೆ ಇನ್ನಷ್ಟು ಸೆಟೆಯುತ್ತಾನೆಂದು ಅವಳಿಗೆ ಗೊತ್ತು. ಅದಕ್ಕೇ ಹೊಗಳಿದಳು.

"ಎಂಥಾ ಮಾತು ಮಹಾಸ್ವಾಮಿ! ಅಪ್ಪಣೆಯಾದರೆ ಅರಮನೆಯಲ್ಲಿ ಉಳಿದಿರುವ ಎಂಜಲನ್ನೂ ಆಚೆ ಹಾಕಿಸಿಬಿಡುತ್ತೇನೆ."

"ಹಾಕಿಸು, ಹಾಕಿಸು!" ದೊರೆ ಉಬ್ಬಿಹೋದ.

ಮರುದಿನ ಸಭೆಗೆ ಬಂದರೆ, ಸಿಂಹಾಸನವಿದ್ದ ಜಾಗದಲ್ಲಿ ಹೊಚ್ಚಹೊಸ ಈಚಲು ಚಾಪೆ!

"ನನ್ನ ಸಿಂಹಾಸನ ಎಲ್ಲೇ?"

"ಆನೆಲಾಯದಲ್ಲಿ, ಮಹಾಸ್ವಾಮಿ. ಅದರ ಮೇಲೆ ತಮ್ಮ ತಾತ ಕೂತಿದ್ದರು, ತಂದೆಯವರೂ ಕೂತಿದ್ದರು. ಎರಡೆರಡು ಸಲ ಎಂಜಲು! ಈ ಚಾಪೆ ನೋಡಿ, ಒಂದು ಬೆಕ್ಕೂ ಕೂತಿಲ್ಲ."

ಮಂತ್ರಿಗಳಿಗೆಲ್ಲ ಒಟ್ಟಿಗೆ ಕೆಮ್ಮು ಬಂತು. ದೊರೆ ದಡದಡ ಆನೆಲಾಯಕ್ಕೆ ನಡೆದ. ಹಿಂದೆಯೇ ಇಡೀ ಸಭೆ, ಅದರ ಹಿಂದೆ ತಿಪ್ಪಕ್ಕ. ಎದೆಮಟ್ಟದ ಗಿಡಗಳ ನಡುವೆ ಸಿಂಹಾಸನ ಫಳಫಳ ಹೊಳೆಯುತ್ತಿತ್ತು. ಯಾರಾದರೂ ಹೊತ್ತೊಯ್ದಾರೆಂಬಂತೆ ದೊರೆ ಓಡಿಹೋಗಿ ಅದರ ಮೇಲೆ ಕೂತುಬಿಟ್ಟ. ಪಂಚೆಗೆಲ್ಲ ಮುಳ್ಳು.

"ಕಿವಿಗೊಟ್ಟು ಕೇಳು ನಾಗಲಾಂಬೆ! ಇದು ನನ್ನ ಹಿರಿಯರ ಸ್ವತ್ತು. ಇದಕ್ಕೆ ಎಂಜಲೂ ಇಲ್ಲ, ಮೈಲಿಗೆಯೂ ಇಲ್ಲ. ಹಿರಿಯರು ಬಳಸಿದಷ್ಟೂ ಕಳೆ ಹೆಚ್ಚು!"

ನಾಗಲಾಂಬೆ ಸುತ್ತ ಎದ್ದು ನಿಂತ ಎಕ್ಕ, ಕಾಚಿ, ಮುಳ್ಳುಗಿಡಗಳ ಮೇಲೆ ನಿಧಾನವಾಗಿ ಕಣ್ಣಾಡಿಸಿದಳು.

"ಅಪ್ಪಣೆ ಮಹಾಸ್ವಾಮಿ. ಈ ನೆಲವನ್ನೂ ಹಿರಿಯರು ಬಳಸಿದ್ದರಲ್ಲ, ಇದಕ್ಕೂ ಕಳೆ ಸ್ವಲ್ಪ ಹೆಚ್ಚೇ ಆಗಿದೆ. ಕೀಳಿಸಿದರೆ ಒಂದು ಅರಮನೆ ಹಿಡಿಯುತ್ತದೆ."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ದೊರೆ ಗದರಲು ಬಾಯಿ ತೆರೆದ. ಹೊರಬಿದ್ದದ್ದು ನಗು.

"ಗುದ್ದಲಿಗಳನ್ನು ಇಲ್ಲಿಗೇ ತರಿಸಿ," ಎಂದ. "ತಿಪ್ಪಕ್ಕಾ, ನೀನಿನ್ನೂ ಇಲ್ಲೇನು ಮಾಡ್ತಿದ್ದೀ? ಹೋಗು, ಸೊಪ್ಪಿಗೆ ನೀರು ಹಾಯಿಸು!"