ಉಪ್ಪು ತುಟಿಯ ಜಟ್ಟಪ್ಪನೂ ಸೀನೀರಮ್ಮನ ಬಾವಿಯೂ

ಕಡಲು ಈಗಿರುವುದಕ್ಕಿಂತ ಒಂದು ಕೂಗಳತೆ ಹಿಂದಕ್ಕಿದ್ದ, ದಡದಲ್ಲಿ ಕೇದಗೆಯ ಮೆಳೆಯಲ್ಲದೆ ಬೇರೆ ನೆರಳಿಲ್ಲದಿದ್ದ ಪೂರ್ವಕಾಲದಲ್ಲಿ, ಶಂಖದಕೋಡಿಯೆಂಬ ಈ ತೀರದಲ್ಲಿ ಜಟ್ಟಪ್ಪನೆಂಬ ಬೆಸ್ತನು ಪತ್ನಿ ಅಕ್ಕಣಿಯೊಡನೆಯೂ ಮಕ್ಕಳೊಡನೆಯೂ ವಾಸವಾಗಿದ್ದನು. ಅರುಣೋದಯಕ್ಕೆ ಮೊದಲೇ ದೋಣಿ ನೂಕುವ ಆ ಶ್ರಮಜೀವಿಯು, ದುಡಿದು ಬಂದ ಮೇಲೂ ಮಾಡಿನ ಕೆಳಗೆ ಕೂರದೆ, ಮಕ್ಕಳನ್ನು ಮರಳ ಮೇಲೆ ಸುತ್ತ ಕೂರಿಸಿಕೊಂಡು, ಮೀನು ಸುಟ್ಟು, ಮುಳ್ಳು ಬಿಡಿಸಿ ಉಣಿಸುವನು. ಗೋಡೆಗಳ ನಡುವೆ ಅವನಿಗೆ ನಿದ್ರೆ ಬಾರದು; ಅಲೆಯ ಸದ್ದಿಲ್ಲದಿದ್ದರೆ ಅನ್ನ ಸೇರದು.

ಆದರೆ ತೀರದಲ್ಲಿ ಕುಡಿಯುವ ನೀರಿರಲಿಲ್ಲ. ಅಕ್ಕಣಿ ಗುಡ್ಡ ಹತ್ತಿಳಿದು ಕೊಡ ಹೊರಬೇಕು. ಅವಳು ಮತ್ತೆ ಗರ್ಭಿಣಿಯಾದಾಗ ಜಟ್ಟಪ್ಪನು ಕಡಲಿನಿಂದ ಮರಳಿದೊಡನೆ, ದೋಣಿ ಎಳೆದಿಟ್ಟ ಕೈಯಲ್ಲೇ ಗುದ್ದಲಿ ಹಿಡಿದು ಬಾವಿ ತೋಡತೊಡಗಿದನು. ಜಲ ಕಂಡೊಡನೆ ಬೊಗಸೆಯಲ್ಲೆತ್ತಿ ನಾಲಗೆಗೆ ಮುಟ್ಟಿಸುವನು, ಉಪ್ಪು! ಉಪ್ಪುಬಾವಿಯನ್ನು ತೆರೆದಿಡುವುದು ಮನೆಗೆ ಕೇಡೆಂಬ ಕುಲಾಚಾರದಂತೆ ಆಗಲೇ ಮುಚ್ಚುವನು; ಮರುದಿನ ಇನ್ನೊಂದೆಡೆ ತೋಡುವನು.

ಘಟ್ಟದಡಿಯಿಂದ ಬಂದ ಅಕ್ಕಣಿಯ ತಮ್ಮ ಮಂಜಯ್ಯ ನಕ್ಕನು.

"ಭಾವ, ನೀನು ಮರಳು ಸಡಿಲಿಸಿ ಏಡಿಗಳಿಗೆ ಮನೆ ಕಟ್ಟಿಕೊಟ್ಟೆ, ಅಕ್ಕನಿಗೆ ನೀರು ಕೊಡಲಿಲ್ಲ. ಹೆರಿಗೆಗೆ ಮೊದಲೇ ನಮ್ಮೂರಿಗೆ ಬನ್ನಿ. ಗದ್ದೆಯುಂಟು, ಬಾವಿಯುಂಟು."

ಜಟ್ಟಪ್ಪನು ಕಡಲನ್ನು ನೋಡಿದನು; ಕೊಡದಡಿಯ ಸಿಂಬೆಯ ಒತ್ತಿಗೆ ಕೂದಲು ಸವೆದ ಹೆಂಡತಿಯ ನೆತ್ತಿಯನ್ನು ನೋಡಿದನು. "ನಾಳಿದ್ದು ಹೊರಡೋಣ" ಎಂದನು. ಮರುದಿನ ಕೊನೆಯದೆಂದು ಕಡಲಿಗೆ ಹೋಗಿಬಂದು, ದೋಣಿಯನ್ನು ಕವುಚಿಹಾಕಿ ಕೇದಗೆಯ ಗರಿ ಮುಚ್ಚಿದನು. ಆದರೂ ಕೈ ಸುಮ್ಮನಿರದೆ, ಈ ಕರಿಬಂಡೆಯ ಬುಡದಲ್ಲಿ ಒಂದು ಗುಂಡಿ ತೋಡಿ, ನೀರನ್ನು ರುಚಿ ನೋಡಿ, ಎಂದಿನಂತೆ ಮುಚ್ಚಲು ಗುದ್ದಲಿಯೆತ್ತಿದಾಗ ಬಂಡೆಯೊಳಗಿಂದ ದಿವ್ಯವಾಣಿಯೊಂದು ಕೇಳಿಸಿತು:

"ಮಗನೇ, ನಾನು ಕೊಡುತ್ತಲೇ ಇದ್ದೇನೆ. ನೀನು ಮುಚ್ಚುತ್ತಲೇ ಇದ್ದೀಯೆ."

ಗುದ್ದಲಿ ಕೈಜಾರಿತು. ಅವನ ಕೂಗಿಗೆ ಓಡಿಬಂದ ಅಕ್ಕಣಿ, ಅವನು ಕೇಳಿದ ಮಾತನ್ನು ತಿಳಿದು, ಬಗ್ಗಿ ಒಂದು ಬೊಗಸೆ ಕುಡಿದಳು, ಇನ್ನೊಂದು ಕುಡಿದಳು. ಬಳಿಕ ಗಂಡನ ಮುಖ ನೋಡಿ ನಗತೊಡಗಿದಳು.

"ಉಪ್ಪು ಬಾವಿಯಲ್ಲಿಲ್ಲ ಮಾರಾಯ್ರೆ, ನಿಮ್ಮ ಮೀಸೆಯಲ್ಲುಂಟು!"

ಸೆರಗನ್ನು ಆ ನೀರಿನಲ್ಲೇ ಅದ್ದಿ, ಹಗಲಿಡೀ ಕಡಲಗಾಳಿಗೆ ಉಪ್ಪುಗಟ್ಟಿದ ಅವನ ತುಟಿಗಳನ್ನೊರೆಸಿ, ಬಾಯಿ ಮುಕ್ಕಳಿಸಿ ಉಗುಳಿಸಿ, ತನ್ನ ಬೊಗಸೆಯಿಂದ ಕುಡಿಸಿದಳು. ಎಳನೀರಿನಂತಿತ್ತು.

"ಹಾಗಾದರೆ ಭಾವ, ನೀನು ಮುಚ್ಚಿದ್ದೆಲ್ಲ..." ಎಂದನು ಹಿಂದೆಯೇ ಓಡಿಬಂದಿದ್ದ ಮಂಜಯ್ಯ.

"ಬಾಯಿ ಮುಚ್ಚು. ಕವುಚಿದ ದೋಣಿ ಮಗುಚಲು ಕೈಜೋಡಿಸು" ಎಂದನು ಜಟ್ಟಪ್ಪ.

ಮಗು ಈ ತೀರದಲ್ಲೇ ಹುಟ್ಟಿತು. ಮೊಮ್ಮಕ್ಕಳಿಗೂ ಮುಳ್ಳು ಬಿಡಿಸಿ ಉಣಿಸಿದ ಜಟ್ಟಪ್ಪನು ಕಡೆಗೊಂದು ದಿನ, ಮಾಡಿನ ಕೆಳಗಲ್ಲ, ಈ ಬಂಡೆಗೊರಗಿ ಕಡಲನ್ನು ನೋಡುತ್ತಲೇ ಕಣ್ಣುಮುಚ್ಚಿದನು. ಅವನ ಬೆನ್ನು ತಾಗಿ ನುಣುಪಾದ ಜಾಗವನ್ನು ಭಕ್ತರು ಈಗಲೂ ಮುಟ್ಟಿ ನಮಸ್ಕರಿಸುತ್ತಾರೆ.

ಕಡಲು ಇಂದು ಹತ್ತಿರ ಬಂದಿದೆ. ಭರತದ ವೇಳೆ ಅಲೆಗಳು ಬಂಡೆಯನ್ನು ಸುತ್ತುವರಿಯುತ್ತವೆ. ಆದರೂ ಬಾವಿಯೊಳಗಿನ ನೀರು ಸಿಹಿಯಾಗಿಯೇ ಇದೆ. ಬಂಡೆಯೊಳಗಿಂದ ಮಾತಾಡಿದ ಆ ತಾಯಿ ಸೀನೀರಮ್ಮನ ಸನ್ನಿಧಿಯಲ್ಲಿ ಯಾರೂ ತಮ್ಮ ಕೈಯಿಂದ ತೀರ್ಥ ತೆಗೆದುಕೊಳ್ಳುವಂತಿಲ್ಲ. ಜೊತೆಗೆ ಬಂದವರು ಒದ್ದೆ ಸೆರಗಿನಿಂದಲೋ ಶಲ್ಯದಿಂದಲೋ ತುಟಿಯೊರೆಸಿ ಕುಡಿಸಬೇಕು. ಬಹುಕಾಲ ಪರಸ್ಥಳದಲ್ಲಿದ್ದು ಒಬ್ಬಂಟಿಯಾಗಿ ಬಂದವರು ದಡದಲ್ಲಿ ಬಲೆ ಹೆಣೆಯುವವರನ್ನು ಕರೆದರೆ ಸಾಕು. ಯಾರ ಮನೆಯವರೆಂದು ಕೇಳದೆ, ಕೈ ತೊಳೆದು ಎದ್ದು ಬರುತ್ತಾರೆ.