ಪುನುಗುಬೆಕ್ಕು ಇಳಿಸಿದ ಅರ್ಕ

ಮಕ್ಕಳೇ, ಕಿತ್ತಾಟ ನಿಲ್ಲಿಸಿ ಸುಮ್ಮನೆ ಕೂತರೆ ಹೇಳುತ್ತೇನೆ. ಪುಕ್ಕಲರು ಅಮ್ಮನ ಸೆರಗು ಹಿಡಿದುಕೊಳ್ಳಿ. ಆಮೇಲೆ ನನ್ನನ್ನು ಬೈಯಬೇಡಿ.

ಒಂದು ಇಪ್ಪೆಮರಗಳ ಕಾಡು. ಅಲ್ಲಿ ಚಳಿಗಾಲ ಬಂತೆಂದರೆ ಎಲ್ಲರಿಗೂ ಕೆಮ್ಮು. ಕೆಮ್ಮು ಬಂತೆಂದರೆ ಎಲ್ಲರೂ ಓಡುತ್ತಿದ್ದದ್ದು ಪುನುಗುಬೆಕ್ಕಿನ ಪೊಟರೆಗೆ. ಪೊಟರೆಯ ಮುಂದೆ ಒಣಗಿದ ಸೋರೆಬುರುಡೆಗಳು ಸಾಲಾಗಿ ನಿಂತಿರುತ್ತಿದ್ದವು. ಅವುಗಳ ತುಂಬ ಇಪ್ಪೆಹೂವಿನ ಅರ್ಕ.

"ನಾನೇ ಇಳಿಸಿದ್ದು!" ಎಂದು ಪುನುಗುಬೆಕ್ಕು ಮೀಸೆ ತೀಡುತ್ತಿತ್ತು.

ಅರ್ಕ ಇಳಿಸುವುದೆಂದರೆ ಹುಡುಗಾಟವಲ್ಲ. ಹೂವನ್ನು ನೆನೆಹಾಕಿ ಕೊಳೆಸಬೇಕು. ಮಡಕೆಗೆ ತುಂಬಿ ಕೆಳಗೆ ಬೆಂಕಿ ಹಚ್ಚಬೇಕು. ಏಳುವ ಆವಿಯನ್ನು ತಣಿಸಿ ಹನಿಹನಿಯಾಗಿ ಹಿಡಿಯಬೇಕು. ಬೆಂಕಿಯ ಹೆಸರು ಕೇಳಿದರೇ ಬಾಲ ಮುದುರಿ ಓಡುವ ಪ್ರಾಣಿಗಳು ಅವು. ಅಂಥದ್ದರಲ್ಲಿ ಬೆಂಕಿಯನ್ನೇ ಪಳಗಿಸಿದ ಪುನುಗುಬೆಕ್ಕು ಎಂದರೆ ಎಲ್ಲರಿಗೂ ಭಯ, ಭಕ್ತಿ.

"ಬಂಡೆಯ ಹಿಂದಿನ ಜಾಗ ನನ್ನದು. ಯಾರೂ ಇಣುಕಬೇಡಿ. ಇಣುಕಿದರೆ ಮತ್ತೆ ಅರ್ಕ ಕೊಡುವುದಿಲ್ಲ" ಎಂದು ಅದು ಹೇಳಿತ್ತು. ಅರ್ಕ ಇಳಿಸುವ ಭಟ್ಟಿ ಅಲ್ಲೇ ಇರಬೇಕು ಎಂದುಕೊಂಡು ಯಾರೂ ಇಣುಕಲಿಲ್ಲ.

ಅದೇ ಕಾಡಿನ ಒಂದು ಬಿಲದಲ್ಲಿ ಮುಂಗುಸಿಯೂ ಅವಳ ಒಂದೇ ಒಂದು ಮರಿಯೂ ಇದ್ದವು. ಮರಿಯ ಹೆಸರು ಕಿಟ್ಟಿ. ಕಿಟ್ಟಿಗೆ ಎಂಥ ಕೆಮ್ಮೆಂದರೆ, ಕೆಮ್ಮಿದಾಗ ಮೈಯೆಲ್ಲ ಬಿಲ್ಲಿನ ಹಾಗೆ ಬಾಗುತ್ತಿತ್ತು. ದಿನವೂ ಸಂಜೆ ನಾಲ್ಕು ಹನಿ ಅರ್ಕ ಬಿದ್ದರೆ ಮಾತ್ರ ಕಣ್ಣು ಮುಚ್ಚುತ್ತಿದ್ದ.

ಒಂದು ಸಂಜೆ ಮುಂಗುಸಿ ಹೊಸ ಬುರುಡೆಯಿಂದ ದೊನ್ನೆಯಲ್ಲಿ ಅರ್ಕ ತಂದಳು. ಮರಿಯ ಬಾಯಿಗೆ ಹಿಡಿಯುವ ಮೊದಲು ಮೂಸಿ ನೋಡಿದಳು. ಇಪ್ಪೆಯ ಸಿಹಿ ವಾಸನೆ ಇತ್ತು. ಅದರ ಅಡಿಯಲ್ಲಿ ಇನ್ನೇನೋ ಇತ್ತು. ಕಹಿ. ಬಾಲದ ತುದಿಯವರೆಗೂ ಅವಳ ಕೂದಲು ನೆಟ್ಟಗಾಯಿತು.

"ಕೊಡಮ್ಮಾ" ಎಂದ ಕಿಟ್ಟಿ.

"ಇರು. ಇದಕ್ಕೆ ಏನು ಹಾಕಿದಾನೆ ಅಂತ ಕೇಳಿಕೊಂಡು ಬರ್ತೀನಿ" ಎಂದು ದೊನ್ನೆಯನ್ನು ಎತ್ತಿಕೊಂಡೇ ಹೊರಟಳು.

ಹೊರಗೆ ಮಂಜು. ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಪುನುಗುಬೆಕ್ಕಿಗೆ ಸಿಟ್ಟು ಬಂದು ನಾಳೆಯಿಂದ ಅರ್ಕ ಕೊಡದಿದ್ದರೆ? ಆಗ ಮರಿಯ ಗತಿ? ಕೇಳದೆ ಕುಡಿಸಿದರೆ? ಅದನ್ನು ನೆನೆದಾಗ ಕಾಲು ಇನ್ನೂ ಬೇಗ ಓಡಿದವು.

ಪೊಟರೆಯ ಮುಂದೆ ಕರಡಿ ಮಾವ ಬೆಂಕಿಪೊಟ್ಟಣದಷ್ಟು ಸಣ್ಣ ದೊನ್ನೆ ಹಿಡಿದು ತನ್ನ ಸರದಿಗೆ ಕಾಯುತ್ತಿತ್ತು. ಹಿಂದೆ ಕಾಡುಹಂದಿ, ಮೊಲ, ಮುಳ್ಳುಹಂದಿ.

"ಪುನುಗಣ್ಣಾ, ಒಂದು ಮಾತು" ಎಂದಳು ಮುಂಗುಸಿ. "ಈ ಬುರುಡೆಯದಕ್ಕೆ ಏನೇನು ಹಾಕಿದೀಯಾ?"

"ಅರ್ಕ ಕಣೇ. ಹೂವು. ಇನ್ನೇನು?"

"ಇಪ್ಪೆಹೂವು ಬಿದ್ದದ್ದು ಬೇಸಿಗೆಯಲ್ಲಿ. ನೀನು ಒಂದು ಹೂವು ಆರಿಸಿದ್ದನ್ನೂ ನಾನು ನೋಡಲಿಲ್ಲ."

"ಎಲ್ಲ ನಿನಗೆ ತೋರಿಸಿಯೇ ಮಾಡಬೇಕಾ?"

"ಬೆಂಕಿ ಹಚ್ಚಿದರೆ ಹೊಗೆ ಬರಬೇಕಲ್ಲಣ್ಣಾ? ಬಂಡೆಯ ಹಿಂದಿನಿಂದ ಒಂದು ದಿನವೂ ಹೊಗೆ ಎದ್ದಿಲ್ಲ."

ಕರಡಿ ಮಾವ ಗುರ್ರೆಂದಿತು. "ಏ ಮುಂಗುಸಿ, ನಾಲಿಗೆ ಬಿಗಿ ಹಿಡಿ! ಅವನು ಬಾಗಿಲು ಹಾಕಿಕೊಂಡರೆ ನಮ್ಮ ಗಂಟಲಿಗೆ ನಿನ್ನ ಉಗುಳು ಹಾಕ್ತೀಯಾ?"

ಕರಡಿಯ ಪಂಜ ಅವಳಿಗಿಂತ ದೊಡ್ಡದು. ಆದರೂ ಹಿಂದೆ ಸರಿಯಲಿಲ್ಲ.

"ಮಾವಾ, ನಿಮ್ಮ ಗಂಟಲು ಗುಹೆ ಇದ್ದ ಹಾಗಿದೆ. ನನ್ನ ಮರಿಯದು ಹುಲ್ಲುಕಡ್ಡಿ. ನಾನು ಕೇಳಿಯೇ ಕುಡಿಸೋದು. ಹೇಳು ಪುನುಗಣ್ಣಾ, ಇಳಿಸಿದ್ದು ನೀನೇನಾ?"

"ನಾನೇ! ನಾನೇ ಇಳಿಸಿದ್ದು! ಎಷ್ಟು ಸಲ ಹೇಳಲಿ?"

"ಯಾವುದರಿಂದ ಇಳಿಸಿದೆ?"

ಪುನುಗುಬೆಕ್ಕಿಗೆ ತಲೆ ಕೆಟ್ಟುಹೋಗಿತ್ತು. "ಬೆನ್ನಿಂದ!" ಎಂದು ಕಿರುಚಿತು. "ಹೊತ್ತುಕೊಂಡು ಬಂದು, ನನ್ನ ಬೆನ್ನಿಂದ ನಾನೇ ಇಳಿಸಿದ್ದು!"

ಸಾಲಿನಲ್ಲಿದ್ದವರೆಲ್ಲ ಪುನುಗುಬೆಕ್ಕಿನ ಬೆನ್ನು ನೋಡಿದರು.

ಬೆಂಕಿಯ ಮೇಲಿಂದ ಇಳಿಸಿದರೂ ಇಳಿಸಿದ್ದೇ, ಬೆನ್ನ ಮೇಲಿಂದ ಇಳಿಸಿದರೂ ಇಳಿಸಿದ್ದೇ. ನೋಡಿದಿರಾ ಮಕ್ಕಳೇ? ಅದು ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಅಂಥವರು ಸುಳ್ಳರಿಗಿಂತ ಕಂತ್ರಿಗಳು.

"ಎಲ್ಲಿಂದ ಹೊತ್ತುಕೊಂಡು ಬಂದೆ?" ಕರಡಿ ಮಾವನ ದನಿ ಈಗ ಬೇರೆಯಾಗಿತ್ತು.

"ಕಮರಿಯಿಂದ" ಎಂದಿತು ಪುನುಗುಬೆಕ್ಕು ನೆಲ ನೋಡುತ್ತ. "ಅಲ್ಲಿ ಮನುಷ್ಯರ ಭಟ್ಟಿ ಇದೆ. ಅವರು ಮಲಗಿದಾಗ..."

"ಮನುಷ್ಯರು!" ಎಂದು ಮೊಲ ಕುಸಿದು ಕೂತಿತು. ಕಾಡುಹಂದಿ ಕೈಯಲ್ಲಿದ್ದ ದೊನ್ನೆಯನ್ನು ಕೆಳಗಿಟ್ಟಿತು.

"ಅದಕ್ಕೇನೀಗ?" ಪುನುಗುಬೆಕ್ಕು ಮತ್ತೆ ಎದೆಯುಬ್ಬಿಸಿತು. "ಯಾರು ಇಳಿಸಿದರೇನು, ಅರ್ಕ ಅರ್ಕವೇ! ಇಷ್ಟು ದಿನ ಚಪ್ಪರಿಸಲಿಲ್ಲವಾ? ಇಗೋ, ಹೊಸ ಬುರುಡೆಯದ್ದೇ ಕುಡೀತೀನಿ, ನೋಡಿ!"

"ಬೇಡಣ್ಣಾ, ಅದರ ವಾಸನೆ..." ಎಂದು ಮುಂಗುಸಿ ಮುಂದೆ ಬಂದಳು. ಅಷ್ಟರಲ್ಲಿ ಅದು ಗಟಗಟ ಕುಡಿದೇಬಿಟ್ಟಿತು. ಬಾಯಿ ಒರೆಸಿಕೊಂಡಿತು. ನಕ್ಕಿತು.

ಸ್ವಲ್ಪ ಹೊತ್ತಿಗೆ ಆ ನಗು ಮುಖದ ಮೇಲೆಯೇ ಬಿಗಿದುಕೊಂಡಿತು. ದವಡೆ ಕಚ್ಚಿಕೊಂಡಿತು. ನಾಲ್ಕು ಕಾಲೂ ಕಟ್ಟಿಗೆಯಂತೆ ಸೆಟೆದವು. ಕರಡಿ ಮಾವ ಪಾದ ತಿಕ್ಕಿತು, ಬೆನ್ನು ತಟ್ಟಿತು, ಹೆಸರು ಹಿಡಿದು ಕರೆಯಿತು. ಪುನುಗುಬೆಕ್ಕು ಏಳಲಿಲ್ಲ.

ಮುಳ್ಳುಹಂದಿ ಬುರುಡೆಯನ್ನು ಬೋರಲು ಹಾಕಿತು. ತಳದಿಂದ ಚಪ್ಪಟೆ ಬೀಜಗಳು ಉದುರಿದವು. ಕಾಸರಕದ ಬೀಜ, ವಿಷ. ಕಳ್ಳನಿಗೆಂದು ಭಟ್ಟಿಯವರು ಬೆರೆಸಿಟ್ಟಿದ್ದರು. ಮಾಡಿದವರಿಗೆ ಅದರೊಳಗೆ ಏನಿದೆಯೆಂದು ಗೊತ್ತಿತ್ತು. ಹೊತ್ತು ತಂದವನಿಗೆ ಗೊತ್ತಿರಲಿಲ್ಲ.

ಆಗ ಮರದಿಂದ ಅಳಿಲಕ್ಕ ಸರಸರ ಇಳಿದು ಬಂದಳು. "ಇಲ್ಲಿದೀಯೇನೇ ಮುಂಗುಸಿ? ಎಂಥ ತಾಯಿಯೇ ನೀನು! ಮರಿ ಅಷ್ಟು ಕೆಮ್ತಾ ಇದೆ. ಪಾಪ ಅಂತ ನನ್ನ ದೊನ್ನೆಯನ್ನೇ ಅದರ ಮುಂದೆ ಇಟ್ಟು ಬಂದೆ."

"ಯಾವ ಬುರುಡೆಯದು?"

"ಹೊಸದು. ಯಾಕೆ?"

ಮುಂಗುಸಿ ಉತ್ತರ ಕೊಡಲು ಅಲ್ಲಿರಲಿಲ್ಲ. ಮುಳ್ಳುಪೊದೆ ಮೈ ಗೀರಿದ್ದು ಗೊತ್ತಾಗಲಿಲ್ಲ. ಬಿಲದ ಹತ್ತಿರ ಬಂದು ಕಿವಿಗೊಟ್ಟಳು. ಒಳಗೆ ಸದ್ದೇ ಇಲ್ಲ. ಕೆಮ್ಮಿಲ್ಲ.

"ಕಿಟ್ಟೀ!"

ಒಳಗೆ ಕಿಟ್ಟಿ ಕೂತಿದ್ದ. ದೊನ್ನೆ ಅವನ ಎರಡೂ ಕೈಯಲ್ಲಿತ್ತು. ತುಟಿಗೆ ತಾಗುವುದೊಂದೇ ಬಾಕಿ. ಅವಳು ಹಾರಿ ಒದ್ದಳು. ದೊನ್ನೆ ಗೋಡೆಗೆ ಬಡಿದು ಅರ್ಕವೆಲ್ಲ ಮಣ್ಣಿಗೆ ಇಂಗಿತು.

"ಅಯ್ಯೋ, ಚೆಲ್ಲಿಬಿಟ್ಟೆಯಲ್ಲಮ್ಮಾ!" ಕಿಟ್ಟಿ ಅಳತೊಡಗಿದ. "ಕೆಮ್ಮು ನಿಂತ ಮೇಲೆ ಕುಡಿಯೋಣ ಅಂತ ಕಾಯ್ತಾ ಇದ್ದೆ. ಈಗಷ್ಟೇ ನಿಂತಿತ್ತು!"

ಅತ್ತದ್ದಕ್ಕೆ ಮತ್ತೆ ಕೆಮ್ಮು ಬಂತು. ಮೈ ಬಿಲ್ಲಿನ ಹಾಗೆ ಬಾಗಿತು. ಮುಂಗುಸಿ ಅವನನ್ನು ಅವುಚಿಕೊಂಡು ಬೆನ್ನು ಸವರುತ್ತ ಕೂತಳು. ದಿನವೂ ಅವಳ ಜೀವ ಹಿಂಡುತ್ತಿದ್ದ ಕೆಮ್ಮು ಅದು. ಆ ಹೊತ್ತು ಮಾತ್ರ, ಮರಿ ಕೆಮ್ಮಿದಷ್ಟೂ ಸಲ ಅವಳಿಗೆ ಹೋದ ಜೀವ ಬಂದಂತಾಗುತ್ತಿತ್ತು.

ನೀತಿ: "ನಾನೇ ಮಾಡಿದ್ದು" ಎನ್ನುವವರನ್ನು ಏನು ಹಾಕಿ ಮಾಡಿದಿರಿ ಎಂದು ಕೇಳಿ, ಹೇಳಲಾರದೆ ಸಿಟ್ಟಾಗುವವರ ಕೈಯಿಂದ ಏನನ್ನೂ ಬಾಯಿಗಿಡಬೇಡಿ.